ಇಪ್ಪತ್ತೇಳನೆಯ ಮಹಡಿಯ ಮೂವರು: ಯೆಹೂದಿ ಧರ್ಮಶಾಸ್ತ್ರದ ಬೆಳಕಿನಲ್ಲಿ ಒಂದು ಪ್ರಕರಣ

2001ರ ಸೆಪ್ಟೆಂಬರ್ 11, ಮಂಗಳವಾರ. ಯೆಹೂದಿ ಪಂಚಾಂಗದ ಪ್ರಕಾರ ಅದು 5761ನೆಯ ವರ್ಷದ ಎಲೂಲ್ ಮಾಸದ 23ನೆಯ ದಿನ. ಹೊಸ ವರ್ಷದ ಹಬ್ಬವಾದ ರೋಶ್ ಹಶಾನಾಕ್ಕೆ ಒಂದು ವಾರವಷ್ಟೇ ಉಳಿದಿತ್ತು. ವರ್ಷವಿಡೀ ಮಾಡಿದ್ದಕ್ಕೂ ಮಾಡದೆ ಬಿಟ್ಟಿದ್ದಕ್ಕೂ ದೇವರೆದುರು ಲೆಕ್ಕ ಒಪ್ಪಿಸಲು ಮನಸ್ಸನ್ನು ಅಣಿಗೊಳಿಸುವ ತಿಂಗಳದು. ಆ ಬೆಳಿಗ್ಗೆ 8.46ಕ್ಕೆ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನ ಉತ್ತರ ಗೋಪುರದ 93ರಿಂದ 99ನೆಯ ಮಹಡಿಗಳ ನಡುವೆ ಮೊದಲ ವಿಮಾನ ಅಪ್ಪಳಿಸಿತು. ಅಲ್ಲಿಂದ ಬಹಳ ಕೆಳಗೆ, 27ನೆಯ ಮಹಡಿಯಲ್ಲಿ, ಎಂಪೈರ್ ಬ್ಲೂ ಕ್ರಾಸ್ ಬ್ಲೂ ಶೀಲ್ಡ್ ಎಂಬ ಆರೋಗ್ಯ ವಿಮಾ ಸಂಸ್ಥೆಯ ಕಚೇರಿಯಿತ್ತು. ಆ ಮಹಡಿಯಲ್ಲಿದ್ದವರಿಗೆ ಮೆಟ್ಟಿಲು ಇಳಿಯಲು ಸಮಯ ಧಾರಾಳವಾಗಿತ್ತು, ಬಹುತೇಕ ಎಲ್ಲರೂ ಇಳಿದರು. ಉಳಿದವರು ಮೂವರು, ಅವರಲ್ಲಿ ಒಬ್ಬರು ಆ ಕಚೇರಿಯವರಲ್ಲ.

ಮೊದಲನೆಯವರು ಎಡ್ ಬೆಯಾ, ವಯಸ್ಸು 42. ಯೌವನದಲ್ಲಿ ನೀರಿಗೆ ಧುಮುಕುವಾಗ ಆದ ಅಪಘಾತದಿಂದ ಅವರ ಕೈಕಾಲುಗಳೆರಡೂ ಸ್ವಾಧೀನ ತಪ್ಪಿದ್ದವು. ವಿದ್ಯುತ್ ಗಾಲಿಕುರ್ಚಿಯಲ್ಲೇ ಕೆಲಸಕ್ಕೆ ಬರುತ್ತಿದ್ದರು. ಮೈಭಾರವೂ ಹೆಚ್ಚಾಗಿದ್ದುದರಿಂದ, ಲಿಫ್ಟ್ ನಿಂತ ಮೇಲೆ ಅವರನ್ನು ಮೆಟ್ಟಿಲಿನಲ್ಲಿ ಇಳಿಸುವುದು ಒಬ್ಬಿಬ್ಬರಿಂದ ಆಗುವ ಕೆಲಸವಾಗಿರಲಿಲ್ಲ. ಎರಡನೆಯವರು ಅವರ ಸಹೋದ್ಯೋಗಿ ಏಬ್ ಝೆಲ್ಮನೋವಿಟ್ಜ್, ವಯಸ್ಸು 55, ಬ್ರೂಕ್ಲಿನ್‌ನ ಸಂಪ್ರದಾಯನಿಷ್ಠ ಯೆಹೂದಿ. ಇಬ್ಬರೂ ಕಂಪ್ಯೂಟರ್ ಕೆಲಸದವರು, ಹಲವು ವರ್ಷಗಳ ಸ್ನೇಹಿತರು. ಏಬ್ ಬೆಯಾರ ಸಹಾಯಕಿಯನ್ನು ಕೆಳಗೆ ಕಳುಹಿಸಿ ತಾವು ಕುರ್ಚಿಯ ಪಕ್ಕದಲ್ಲಿ ನಿಂತರು. ಮನೆಯವರಿಗೆ ದೂರವಾಣಿ ಮಾಡಿ, ನೆರವು ಬರುವವರೆಗೆ ಗೆಳೆಯನ ಜೊತೆಗೇ ಇರುವುದಾಗಿ ತಿಳಿಸಿದರು. ಮೂರನೆಯವರು ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಯ ಎಂಜಿನ್ 21 ತುಕಡಿಯ ಕ್ಯಾಪ್ಟನ್ ವಿಲಿಯಂ ಬರ್ಕ್, ವಯಸ್ಸು 46. ಮೈಮೇಲೆ ಹೊತ್ತ ಸಲಕರಣೆಗಳ ಭಾರದೊಂದಿಗೆ ಮೆಟ್ಟಿಲು ಹತ್ತುತ್ತ ಬಂದ ಬರ್ಕ್ ಈ ಇಬ್ಬರನ್ನು ಕಂಡದ್ದು ಆ ಮಹಡಿಯಲ್ಲೇ.

ಅದೇ ಮಹಡಿಗೆ ಲ್ಯಾಡರ್ 6 ತುಕಡಿಯ ಕ್ಯಾಪ್ಟನ್ ಜೇ ಜೋನಸ್ ಕೂಡ ತಮ್ಮವರೊಂದಿಗೆ ಬಂದಿದ್ದರು. 9.59ಕ್ಕೆ ಕಟ್ಟಡ ಭಾರಿಯಾಗಿ ನಡುಗಿತು. ಇಬ್ಬರು ಕ್ಯಾಪ್ಟನ್‌ಗಳೂ ಒಬ್ಬೊಬ್ಬರು ಒಂದೊಂದು ಬದಿಯ ಕಿಟಕಿಗೆ ಹೋಗಿ ನೋಡಿ ಬಂದರು. ದಕ್ಷಿಣ ಗೋಪುರ ಕುಸಿದಿದೆ ಎಂಬ ಸುದ್ದಿಯನ್ನು ತಂದವರು ಬರ್ಕ್. ಜೋನಸ್ ತಮ್ಮ ತುಕಡಿಯನ್ನು ಕೆಳಗಿಳಿಸಿದರು. ಬರ್ಕ್ ಕೂಡ ತಮ್ಮ ತುಕಡಿಯವರಿಗೆ ಇಳಿಯಲು ಆಜ್ಞೆ ಕೊಟ್ಟರು, ಆದರೆ ತಾವು ಬೆಯಾ ಮತ್ತು ಝೆಲ್ಮನೋವಿಟ್ಜ್ ಅವರ ಬಳಿ ಉಳಿದರು. 10.28ಕ್ಕೆ ಉತ್ತರ ಗೋಪುರವೂ ಕುಸಿಯಿತು. ಎಂಜಿನ್ 21ರ ಉಳಿದವರೆಲ್ಲ ಬದುಕಿದರು. ಆ ದಿನ ಸತ್ತ ಅಗ್ನಿಶಾಮಕ ಇಲಾಖೆಯ 343 ಮಂದಿಯಲ್ಲಿ ಬರ್ಕ್ ಒಬ್ಬರು.

ಇಷ್ಟು ಘಟನೆ. ಮೂರೇ ದಿನಗಳಲ್ಲಿ ಅಮೆರಿಕದ ಅಧ್ಯಕ್ಷರು ವಾಷಿಂಗ್ಟನ್ನಿನ ಪ್ರಾರ್ಥನಾ ಸಭೆಯಲ್ಲಿ, ಗೆಳೆಯನ ಪಕ್ಕದಲ್ಲಿ ಕೊನೆಯವರೆಗೂ ನಿಂತ ವ್ಯಕ್ತಿಯನ್ನು ಹೆಸರು ಹೇಳದೆ ನೆನೆದರು. ಅಲ್ಲಿಂದ ಮುಂದೆ ಈ ಕಥೆ ಪ್ರವಚನಗಳಿಗೆ ದಾರಿ ಕಂಡುಕೊಂಡಿತು. ಇಂಥ ಕಥೆಯಿಂದ ‘ತ್ಯಾಗವೇ ಶ್ರೇಷ್ಠ’ ಎಂಬ ಪಾಠವನ್ನು ತೆಗೆಯುವುದು ಬಹಳ ಸುಲಭ. ಆದರೆ ಯೆಹೂದಿ ಧರ್ಮಶಾಸ್ತ್ರದ ಗ್ರಂಥಗಳನ್ನು ತೆರೆದು ಈ ಮೂವರನ್ನು ಅವುಗಳ ಎದುರು ನಿಲ್ಲಿಸಿದರೆ, ಆ ಪಾಠ ಅಷ್ಟು ಸಲೀಸಾಗಿ ಹೊರಬರುವುದಿಲ್ಲ. ಗ್ರಂಥಗಳು ಮೊದಲು ತಕರಾರು ತೆಗೆಯುತ್ತವೆ, ಮತ್ತು ನನ್ನ ದೃಷ್ಟಿಯಲ್ಲಿ ಕಲಿಯಬೇಕಾದದ್ದು ಇರುವುದು ಆ ತಕರಾರಿನಲ್ಲೇ.

ಮೊದಲ ತಕರಾರು ಶಬ್ದದ್ದೇ. ಕನ್ನಡದ ಪತ್ರಿಕೆಗಳು ಇಂಥ ಸಾವಿಗೆ ‘ಬಲಿದಾನ’ ಎನ್ನುತ್ತವೆ. ಹೀಬ್ರೂವಿನಲ್ಲಿ ಬಲಿಗೆ ಇರುವ ಪದ ‘ಕೊರ್ಬಾನ್’. ಉರ್ದುವಿನ ಮೂಲಕ ನಮಗೂ ಪರಿಚಿತವಾದ ‘ಕುರ್ಬಾನಿ’ ಅದೇ ಸೆಮಿಟಿಕ್ ಧಾತುವಿನಿಂದ ಬಂದದ್ದು. ಆ ಧಾತುವಿನ ಅರ್ಥ ಹತ್ತಿರವಾಗುವುದು, ಸಮೀಪಿಸುವುದು. ದೇವಾಲಯದ ವೇದಿಕೆಯ ಮೇಲೆ ಪ್ರಾಣಿಯನ್ನೋ ಹಿಟ್ಟನ್ನೋ ಅರ್ಪಿಸುವುದು ದೇವರ ಸಮೀಪಕ್ಕೆ ಹೋಗುವ ಕ್ರಮವಾಗಿತ್ತೇ ಹೊರತು ಮನುಷ್ಯನನ್ನು ಅರ್ಪಿಸುವುದು ಆ ಕ್ರಮದಲ್ಲಿ ಎಂದೂ ಇರಲಿಲ್ಲ. ಬೈಬಲಿನ ಆದಿಕಾಂಡದಲ್ಲಿ ಅಬ್ರಹಾಮನು ಮಗನ ಮೇಲೆ ಕತ್ತಿಯೆತ್ತಿದಾಗ ದೇವದೂತ ತಡೆದದ್ದನ್ನು ರೋಶ್ ಹಶಾನಾದ ಎರಡನೆಯ ದಿನ ಸಭಾಮಂದಿರಗಳಲ್ಲಿ ಓದುತ್ತಾರೆ. ಇಂದಿನ ಹೀಬ್ರೂವಿನಲ್ಲಿ ‘ಕೊರ್ಬಾನ್’ ಎಂದರೆ ದುರಂತಕ್ಕೆ ತುತ್ತಾದವನು ಎಂಬ ಅರ್ಥವೂ ಇದೆ. ತಾನಾಗಿ ಕೊಟ್ಟವನಿಗೂ ಕಸಿದುಕೊಳ್ಳಲ್ಪಟ್ಟವನಿಗೂ ಒಂದೇ ಹೆಸರಾಗಿಬಿಟ್ಟಿದೆ. ಸ್ವಇಚ್ಛೆಯಿಂದ ತನ್ನನ್ನು ಕೊಟ್ಟುಕೊಳ್ಳುವುದಕ್ಕೆ ಪರಂಪರೆ ಬಳಸುವ ಮಾತು ಬೇರೆ: ‘ಮೆಸಿರುತ್ ನೆಫೆಷ್’, ಅಂದರೆ ಪ್ರಾಣವನ್ನು ಒಪ್ಪಿಸಿಬಿಡುವುದು. ಈ ‘ಒಪ್ಪಿಸು’ ಎಂಬ ಕ್ರಿಯಾಪದವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಅದು ಮುಂದೆ ಅನಿರೀಕ್ಷಿತ ಜಾಗದಲ್ಲಿ ಮತ್ತೆ ಸಿಗುತ್ತದೆ.

ಈಗ ಪ್ರಕರಣವನ್ನು 9.59ರಲ್ಲಿ ಎರಡಾಗಿ ಸೀಳಬೇಕು. ಆ ನಿಮಿಷಕ್ಕೆ ಮುಂಚೆ ಉಳಿದುಕೊಳ್ಳುವುದೂ ಆ ನಿಮಿಷದ ನಂತರ ಉಳಿದುಕೊಳ್ಳುವುದೂ ಶಾಸ್ತ್ರದ ತಕ್ಕಡಿಯಲ್ಲಿ ಒಂದೇ ತೂಕದವಲ್ಲ.

ಮುಂಚಿನದರಲ್ಲಿ ಮುಖ್ಯ ಪಾತ್ರ ಝೆಲ್ಮನೋವಿಟ್ಜ್ ಅವರದು. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ನೆರೆಯವನ ರಕ್ತ ಹರಿಯುವಾಗ ನಿಂತು ನೋಡಬೇಡ ಎಂಬ ಆಜ್ಞೆಯಿದೆ. ಪ್ರಾಚೀನ ಪಂಡಿತರ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನ ಸನ್ಹೆದ್ರಿನ್ ಭಾಗ ಇದನ್ನು ವಿವರಿಸುತ್ತ, ಹೊಳೆಯಲ್ಲಿ ಮುಳುಗುತ್ತಿರುವವನನ್ನೋ, ಕಾಡುಮೃಗ ಎಳೆದೊಯ್ಯುತ್ತಿರುವವನನ್ನೋ, ದರೋಡೆಕೋರರು ಮುತ್ತಿದವನನ್ನೋ ಕಂಡವನು ರಕ್ಷಿಸಲೇಬೇಕು ಎನ್ನುತ್ತದೆ. ಆದರೆ ರಕ್ಷಿಸಹೊರಟವನ ಜೀವಕ್ಕೇ ಅಪಾಯವಿದ್ದರೆ? ಇಲ್ಲಿ ಪರಂಪರೆ ಎರಡು ಕಡೆ ಎಳೆಯುತ್ತದೆ. ತಾಲ್ಮುದ್‌ನ ಇನ್ನೊಂದು ಆವೃತ್ತಿಯಾದ ಜೆರುಸಲೇಮ್ ತಾಲ್ಮುದ್‌ನಲ್ಲಿ ಒಂದು ಪ್ರಸಂಗ ಬರುತ್ತದೆ: ಒಬ್ಬ ಪಂಡಿತ ಅಪಾಯದ ಸ್ಥಳದಲ್ಲಿ ಸೆರೆಸಿಕ್ಕಾಗ, ಇನ್ನೊಬ್ಬ ಪಂಡಿತರು ಅವನ ಆಸೆ ಬಿಟ್ಟು, ಸತ್ತವನನ್ನು ಅವನ ಬಟ್ಟೆಯಲ್ಲಿ ಸುತ್ತಿಬಿಡಿ ಎಂದರು. ರೆಶ್ ಲಾಕಿಶ್ ಮಾತ್ರ, ನಾನು ಕೊಲ್ಲುತ್ತೇನೆ ಇಲ್ಲವೇ ಸಾಯುತ್ತೇನೆ ಎಂದು ಹೊರಟು ಅವನನ್ನು ಬಿಡಿಸಿಕೊಂಡು ಬಂದರು. (ರೆಶ್ ಲಾಕಿಶ್ ಪಂಡಿತರಾಗುವ ಮೊದಲು ಡಕಾಯಿತರ ನಡುವೆ ಇದ್ದವರೆಂಬ ಐತಿಹ್ಯವಿರುವುದರಿಂದ ಅವರ ಧೈರ್ಯವನ್ನು ಎಲ್ಲರ ಅಳತೆಗೋಲಾಗಿ ಹಿಡಿಯುವುದು ಕಷ್ಟ.) ಈ ಪ್ರಸಂಗದ ಆಧಾರದ ಮೇಲೆ, ಅನುಮಾನದ ಅಪಾಯವನ್ನು ಹೊಕ್ಕಾದರೂ ಖಚಿತ ಸಾವಿನಲ್ಲಿರುವವನನ್ನು ಉಳಿಸಬೇಕೆಂದು ಮಧ್ಯಯುಗದ ಕೆಲವರು ಬರೆದರು. ಮುಂದಿನ ಸಂಹಿತೆಗಳು ಆ ಮಾತನ್ನು ಕಟ್ಟಳೆಯಾಗಿ ಸ್ವೀಕರಿಸಲಿಲ್ಲ.

ಇನ್ನೊಂದು ಕಡೆಗೆ ಎಳೆಯುವವರು 16ನೆಯ ಶತಮಾನದಲ್ಲಿ ಈಜಿಪ್ಟಿನ ಯೆಹೂದಿಗಳ ಮುಖ್ಯ ಪಂಡಿತರಾಗಿದ್ದ ರಬ್ಬಿ ದಾವಿದ್ ಬೆನ್ ಝಿಮ್ರಾ, ಸಂಕ್ಷೇಪದಲ್ಲಿ ರದ್ಬಾಜ್. ಅವರ ಮುಂದೆ ಬಂದ ಪ್ರಶ್ನೆ ಭೀಕರವಾದದ್ದು. ನಿನ್ನ ಒಂದು ಅಂಗವನ್ನು ಕತ್ತರಿಸಲು ಬಿಡು, ಇಲ್ಲವಾದರೆ ನಿನ್ನ ಜೊತೆಗಾರನನ್ನು ಕೊಲ್ಲುತ್ತೇನೆ ಎಂದು ಅಧಿಕಾರಿಯೊಬ್ಬ ಹೇಳಿದರೆ ಏನು ಮಾಡಬೇಕು? ಒಪ್ಪಿಕೊಳ್ಳುವವನು ಧನ್ಯ, ಆದರೆ ಒಪ್ಪಲೇಬೇಕೆಂದು ಯಾರನ್ನೂ ಬಲವಂತಪಡಿಸುವಂತಿಲ್ಲ, ತೋರಾದ, ಅಂದರೆ ದೇವರ ಧರ್ಮಶಾಸನದ, ದಾರಿಗಳು ಹಿತವಾದ ದಾರಿಗಳು ಎಂದು ಜ್ಞಾನೋಕ್ತಿಗಳ ಮಾತನ್ನೇ ಆಧಾರವಾಗಿಟ್ಟು ರದ್ಬಾಜ್ ಉತ್ತರಿಸಿದರು. ಜೀವಕ್ಕೇ ಅಪಾಯವಾಗಬಹುದೆಂಬ ಅನುಮಾನವಿದ್ದೂ ಮುನ್ನುಗ್ಗುವವನನ್ನು ಅವರು ‘ಮೂರ್ಖ ಭಕ್ತ’ ಎಂದು ಕರೆದರು. ಈ ಮಾತು ಇಪ್ಪತ್ತೇಳನೆಯ ಮಹಡಿಯ ಕಥೆಯ ಪಕ್ಕದಲ್ಲಿ ಒರಟಾಗಿ ಕೇಳುತ್ತದೆ. ಆದರೂ ಅದನ್ನು ಮುಚ್ಚಿಟ್ಟು ಪ್ರವಚನ ಮಾಡುವುದು ಅಪ್ರಾಮಾಣಿಕತೆ.

ಇದಕ್ಕಿಂತಲೂ ಹತ್ತಿರದ ಚರ್ಚೆ ತಾಲ್ಮುದ್‌ನ ಬಾವಾ ಮೆತ್ಸಿಯಾ ಭಾಗದಲ್ಲಿದೆ. ಇಬ್ಬರು ಮರುಭೂಮಿಯ ದಾರಿಯಲ್ಲಿದ್ದಾರೆ, ಒಬ್ಬನ ಕೈಯಲ್ಲಿ ಮಾತ್ರ ನೀರಿನ ಪಾತ್ರೆಯಿದೆ. ಇಬ್ಬರೂ ಹಂಚಿಕೊಂಡರೆ ಇಬ್ಬರೂ ಸಾಯುತ್ತಾರೆ, ಒಬ್ಬನೇ ಕುಡಿದರೆ ಅವನು ಊರು ಮುಟ್ಟುತ್ತಾನೆ. ಒಬ್ಬನು ಇನ್ನೊಬ್ಬನ ಸಾವನ್ನು ನೋಡದಿರಲಿ, ಇಬ್ಬರೂ ಕುಡಿಯಲಿ ಎಂದರು ಬೆನ್ ಪೆತೂರಾ. ರಬ್ಬಿ ಅಕಿವಾ ಬಂದು, ನಿನ್ನ ಸಹೋದರನು ನಿನ್ನೊಂದಿಗೆ ಬದುಕಲಿ ಎಂಬ ವಚನದ ‘ನಿನ್ನೊಂದಿಗೆ’ ಎಂಬ ಪದವನ್ನು ಹಿಡಿದು, ನಿನ್ನ ಜೀವಕ್ಕೆ ಮೊದಲ ಸ್ಥಾನ ಎಂದರು. ಪರಂಪರೆ ಸಾಮಾನ್ಯವಾಗಿ ಅಕಿವಾರ ಕಡೆ ನಿಂತಿದೆ. ಹಾಗೆಂದು ಬೆನ್ ಪೆತೂರಾರ ಮಾತನ್ನು ತಾಲ್ಮುದ್ ಅಳಿಸಲಿಲ್ಲ. ಸೋತ ಅಭಿಪ್ರಾಯವನ್ನೂ ಹೆಸರಿನೊಂದಿಗೆ ಉಳಿಸಿಕೊಳ್ಳುವುದು ಅದರ ಪದ್ಧತಿ.

ಝೆಲ್ಮನೋವಿಟ್ಜ್ ಅವರು ನಿಂತದ್ದು ಬೆನ್ ಪೆತೂರಾರ ಪಕ್ಕದಲ್ಲಿ ಎಂದು ತೀರ್ಮಾನಿಸುವ ಮೊದಲು ಗಡಿಯಾರ ನೋಡಬೇಕು. 9.59ಕ್ಕೆ ಮೊದಲು ಆ ಮಹಡಿಯಲ್ಲಿ ಯಾರಿಗೂ ಸಾವು ಖಚಿತವಾಗಿರಲಿಲ್ಲ. ಬೆಂಕಿ ಅರವತ್ತಕ್ಕೂ ಹೆಚ್ಚು ಮಹಡಿಗಳ ಮೇಲಿತ್ತು, ಇಡೀ ಗೋಪುರ ಕುಸಿದೀತು ಎಂದು ಮೆಟ್ಟಿಲು ಹತ್ತುತ್ತಿದ್ದ ಅಗ್ನಿಶಾಮಕರಲ್ಲೂ ಬಹುತೇಕರು ಭಾವಿಸಿರಲಿಲ್ಲ. ಅವರು ಕಾಯುತ್ತಿದ್ದದ್ದು ಸಾವನ್ನಲ್ಲ, ಹೊತ್ತು ಇಳಿಸಬಲ್ಲ ನಾಲ್ಕಾರು ಕೈಗಳನ್ನು. ಹಾಗಾಗಿ ಅಕಿವಾರ ಲೆಕ್ಕ ಇಲ್ಲಿ ಇನ್ನೂ ಶುರುವಾಗಿಯೇ ಇರಲಿಲ್ಲ, ರದ್ಬಾಜ್‌ರ ‘ಮೂರ್ಖ’ ಎಂಬ ಪದವೂ ತಗಲುವುದಿಲ್ಲ. ಏಬ್ ಮಾಡಿದ್ದು ಅಸಹಾಯಕನಾದ ಗೆಳೆಯನನ್ನು ಒಬ್ಬಂಟಿಯಾಗಿ ಬಿಡದ ಕೆಲಸ. ಅದು ವೀರಗಾಥೆಗಿಂತ ರೋಗಿಯ ಹಾಸಿಗೆಯ ಬಳಿ ಕೂರುವ ಕರ್ತವ್ಯಕ್ಕೆ ಹತ್ತಿರವಾದದ್ದು. ಅದರ ಹಿರಿಮೆ ಇರುವುದೂ ಆ ಸಾಮಾನ್ಯತೆಯಲ್ಲೇ ಎಂದು ನನಗನ್ನಿಸುತ್ತದೆ.

9.59ರ ನಂತರ ಮಾತು ಬದಲಾಗುತ್ತದೆ, ಏಕೆಂದರೆ ಬರ್ಕ್ ಅವರಿಗೆ ತಿಳಿದಿತ್ತು. ಪಕ್ಕದ ಗೋಪುರ ಇಲ್ಲವಾದದ್ದನ್ನು ತಾವೇ ಕಂಡು ಬಂದವರು ಅವರು. ಆ ಕ್ಷಣದಲ್ಲಿ ಅವರು ಎರಡು ನಿರ್ಧಾರಗಳನ್ನು ಮಾಡಿದರು. ಎರಡನೆಯದರ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ನನಗೆ ಮೊದಲನೆಯದು, ತುಕಡಿಯವರನ್ನು ಇಳಿಸಿದ್ದು, ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬೆಯಾರನ್ನು ಹೊರಲು ಬೇಕಾದಷ್ಟು ಕೈಗಳು ಅಲ್ಲೇ ಇದ್ದವು. ಕ್ಯಾಪ್ಟನ್ ಆಜ್ಞೆ ಮಾಡಿದ್ದರೆ ಅವರು ಉಳಿಯುತ್ತಿದ್ದರು. ಒಬ್ಬನನ್ನು ಕೊಲ್ಲು, ಇಲ್ಲವಾದರೆ ನಿನ್ನನ್ನು ಕೊಲ್ಲುತ್ತೇನೆ ಎಂಬ ಬೆದರಿಕೆಗೆ ಸಿಲುಕಿ ಬಂದವನಿಗೆ ತಾಲ್ಮುದ್‌ನ ರಾವಾ ಕೇಳಿದ ಪ್ರಶ್ನೆ ಪ್ರಸಿದ್ಧವಾದದ್ದು: ನಿನ್ನ ರಕ್ತ ಅವನದಕ್ಕಿಂತ ಹೆಚ್ಚು ಕೆಂಪೆಂದು ಯಾರು ಹೇಳಿದರು? ಬರ್ಕ್ ಈ ಪ್ರಶ್ನೆಯನ್ನು ಕೇಳಿದವರಲ್ಲ. ಆದರೆ ತಮ್ಮ ಕೈಕೆಳಗಿನವರ ರಕ್ತವನ್ನು ಖರ್ಚು ಮಾಡುವ ಹಕ್ಕು ತಮಗಿಲ್ಲ, ತಮ್ಮದರ ಮೇಲೆ ಮಾತ್ರ ತಮ್ಮ ಮಾತು ನಡೆಯುತ್ತದೆ ಎಂಬ ಗೆರೆಯನ್ನು ಅವರು ಎಳೆದರು. ಶಾಸ್ತ್ರವೂ ಗೆರೆಯನ್ನು ಎಳೆಯುವುದು ಅಲ್ಲೇ. ಧನ್ಯತೆಯನ್ನು ಇನ್ನೊಬ್ಬರ ಮೇಲೆ ಹೇರುವಂತಿಲ್ಲ.

ಹಾಗಾದರೆ ಅಪಾಯವೇ ಉದ್ಯೋಗವಾದವನ ಸ್ಥಿತಿ ಏನು? ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ಕೂಲಿಯವನ ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗುವ ಮೊದಲು ಕೊಡಬೇಕು, ಏಕೆಂದರೆ ಅವನು ಅದರ ಮೇಲೆ ಪ್ರಾಣವಿಟ್ಟಿದ್ದಾನೆ ಎನ್ನುತ್ತದೆ. ತಾಲ್ಮುದ್ ಕೇಳುತ್ತದೆ: ಇವನೇಕೆ ಏಣಿ ಹತ್ತಿದ, ಮರಕ್ಕೆ ಜೋತುಬಿದ್ದ, ತನ್ನನ್ನು ಸಾವಿಗೆ ಒಪ್ಪಿಸಿಕೊಂಡ? ಕೂಲಿಗಾಗಿ ಅಲ್ಲವೇ? ಇಲ್ಲಿ ಬಂದಿರುವ ‘ಒಪ್ಪಿಸು’ ಎಂಬ ಕ್ರಿಯಾಪದವೇ ‘ಮೆಸಿರುತ್ ನೆಫೆಷ್’ನಲ್ಲಿ ಇರುವುದು. ಹುತಾತ್ಮನಿಗೂ ಮರ ಹತ್ತುವ ಕೂಲಿಯವನಿಗೂ ತಾಲ್ಮುದ್ ಒಂದೇ ಶಬ್ದವನ್ನು ಬಳಸಿತು. 18ನೆಯ ಶತಮಾನದ ಪ್ರಾಗ್ ನಗರದ ರಬ್ಬಿ ಎಝೆಕಿಯೆಲ್ ಲಾಂಡಾವ್ ಮುಂತಾದವರು ಇದೇ ವಾಕ್ಯದ ಆಧಾರದ ಮೇಲೆ, ಜೀವನೋಪಾಯಕ್ಕಾಗಿ ಅಪಾಯದ ಕೆಲಸ ಮಾಡುವುದಕ್ಕೆ ಒಪ್ಪಿಗೆಯಿದೆ ಎಂದರು. ಅಗ್ನಿಶಾಮಕನು ಏಣಿ ಹತ್ತಬಹುದೇ ಎಂಬ ಪ್ರಶ್ನೆಗೆ ಶಾಸ್ತ್ರದ ಉತ್ತರ ಇದರಲ್ಲೇ ದೊರೆಯುತ್ತದೆ, ಮತ್ತು ಅದು ಪ್ರಶಂಸೆಯ ರೂಪದಲ್ಲಿಲ್ಲ. ಮೂಲ ವಚನದಲ್ಲಿ ಆಜ್ಞೆಯಿರುವುದು ಏಣಿ ಹತ್ತಿದವನಿಗಲ್ಲ, ಅವನನ್ನು ಹತ್ತಿಸಿದವರಿಗೆ: ಹೊತ್ತು ಮುಳುಗುವ ಮೊದಲು ಬಾಕಿ ತೀರಿಸು.

ಈ ವಚನವನ್ನು ನ್ಯೂಯಾರ್ಕಿನ ಮೇಲೆ ಇಟ್ಟು ನೋಡಿದರೆ ಲೆಕ್ಕ ಚೆನ್ನಾಗಿ ಕಾಣುವುದಿಲ್ಲ. ಕುಸಿದ ಗೋಪುರಗಳ ಅವಶೇಷಗಳಲ್ಲಿ ತಿಂಗಳುಗಟ್ಟಲೆ ಅಗೆದವರ ಶ್ವಾಸಕೋಶಗಳಿಗೆ ಧೂಳು ಸೇರಿತು. ಅವರ ಚಿಕಿತ್ಸೆ ಮತ್ತು ಪರಿಹಾರಕ್ಕಾಗಿ ರೂಪಿಸಿದ ಝದ್ರೋಗಾ ಕಾಯ್ದೆಗೆ ಅಧ್ಯಕ್ಷರ ಸಹಿ ಬಿದ್ದದ್ದು 2011ರ ಜನವರಿ 2ರಂದು, ಅಂದರೆ ಘಟನೆಯಾಗಿ ಒಂಬತ್ತು ವರ್ಷ ಮೀರಿದ ಮೇಲೆ. ಆ ಧೂಳಿನ ರೋಗಗಳಿಂದ ಸತ್ತ ಇಲಾಖೆಯವರ ಸಂಖ್ಯೆ 2023ರ ಸೆಪ್ಟೆಂಬರ್ ಹೊತ್ತಿಗೆ 343ನ್ನು ಮುಟ್ಟಿತು. ಒಂದೇ ಬೆಳಿಗ್ಗೆ ಸತ್ತವರಷ್ಟೇ ಮಂದಿ ನಿಧಾನವಾಗಿ ಸತ್ತಿದ್ದರು. ಇವರ ಹೆಸರುಗಳು ಪ್ರವಚನಗಳಲ್ಲಿ ಬರುವುದು ಕಡಿಮೆ, ಏಕೆಂದರೆ ಆಸ್ಪತ್ರೆಯ ಸಾವಿನಿಂದ ಕಥೆ ಹುಟ್ಟುವುದಿಲ್ಲ.

ಏಣಿ ಇನ್ನೊಂದು ಕಡೆಯೂ ಬರುತ್ತದೆ. ತಾಲ್ಮುದ್‌ನ ಕಿದ್ದೂಶಿನ್ ಭಾಗದಲ್ಲಿ ತಂದೆಯ ಮಾತಿನಂತೆ ಮಗನೊಬ್ಬ ಎತ್ತರದ ಕಟ್ಟಡವನ್ನೇರಿ, ಶಾಸ್ತ್ರ ಹೇಳಿದಂತೆ ತಾಯಿಹಕ್ಕಿಯನ್ನು ಹಾರಿಬಿಟ್ಟು ಮರಿಗಳನ್ನು ತೆಗೆದುಕೊಂಡು ಇಳಿಯುವಾಗ ಬಿದ್ದು ಸಾಯುತ್ತಾನೆ. ತೋರಾ ದೀರ್ಘಾಯುಸ್ಸಿನ ಭರವಸೆ ಕೊಟ್ಟಿರುವ ಕೆಲಸಗಳಲ್ಲಿ ಈ ಎರಡೂ ಇವೆ: ತಂದೆತಾಯಿಯನ್ನು ಗೌರವಿಸುವುದು ಮತ್ತು ತಾಯಿಹಕ್ಕಿಯನ್ನು ಬಿಟ್ಟುಬಿಡುವುದು. ಇವನ ದೀರ್ಘಾಯುಸ್ಸು ಎಲ್ಲಿ ಹೋಯಿತು? ಪಂಡಿತನಾಗಿದ್ದ ಎಲೀಶಾ ಬೆನ್ ಅಬೂಯಾ ಧರ್ಮವನ್ನು ಬಿಟ್ಟದ್ದು ಇಂಥದ್ದನ್ನು ಕಂಡೇ ಎಂಬ ಮಾತನ್ನು ತಾಲ್ಮುದ್ ದಾಖಲಿಸುತ್ತದೆ. ಪುಣ್ಯಕಾರ್ಯಕ್ಕೆ ಹೊರಟವರಿಗೆ ಕೇಡಾಗದು ಎಂಬ ಹೇಳಿಕೆ ಇದೆಯಲ್ಲ ಎಂದು ಒಬ್ಬರು ಆಕ್ಷೇಪಿಸಿದಾಗ ಬಂದ ಉತ್ತರ: ಏಣಿ ಶಿಥಿಲವಾಗಿತ್ತು, ಅಪಾಯ ಕಣ್ಣೆದುರಿಗಿದ್ದಲ್ಲಿ ಆ ಮಾತು ನಡೆಯದು.

ಸೆಪ್ಟೆಂಬರ್ 11ರ ನಂತರ, ಪ್ರಾರ್ಥನೆಗೆ ನಿಂತು ತಡವಾದ್ದರಿಂದ ಬದುಕಿದವರ ಕಥೆಗಳು ಯೆಹೂದಿ ಸಮುದಾಯದಲ್ಲಿ ಓಡಾಡಿದವು. ಆ ಕಥೆಗಳನ್ನು ಹೇಳುವವರು ಝೆಲ್ಮನೋವಿಟ್ಜ್ ಅವರ ಎದುರು ಏನು ಹೇಳುತ್ತಾರೆ? ಲ್ಯಾಡರ್ 6ರ ಕಥೆ ಈ ಗೋಜಲನ್ನು ಇನ್ನಷ್ಟು ಬಿಗಿಮಾಡುತ್ತದೆ. ಜೋನಸ್ ಮತ್ತು ಅವರ ಐವರು ಇಳಿಯುತ್ತಿದ್ದಾಗ ಜೋಸೆಫಿನ್ ಹ್ಯಾರಿಸ್ ಎಂಬ ಮಹಿಳೆ ನಡೆಯಲಾಗದೆ ನಿಂತಿದ್ದರು. ಅವರನ್ನು ಜೊತೆಗೆ ಕರೆದುಕೊಂಡದ್ದರಿಂದ ತುಕಡಿಯ ಇಳಿತ ನಿಧಾನವಾಯಿತು. ನಾಲ್ಕನೆಯ ಮಹಡಿಯ ಸುಮಾರಿಗೆ ಆಕೆ ಇನ್ನು ಆಗದೆಂದು ನಿಂತಾಗ ಗೋಪುರ ಕುಸಿಯಿತು, ಮತ್ತು ಅವರಿದ್ದ ಮೆಟ್ಟಿಲಿನ ಆ ಭಾಗ ಮಾತ್ರ ಉಳಿಯಿತು. ಏಳೂ ಮಂದಿ ಬದುಕಿದರು. ಅಸಹಾಯಕರೊಬ್ಬರಿಗಾಗಿ ನಿಂತು ಏಬ್ ಮತ್ತು ಬರ್ಕ್ ಸತ್ತರು. ಅಸಹಾಯಕರೊಬ್ಬರಿಗಾಗಿ ನಿಂತು ಆರು ಅಗ್ನಿಶಾಮಕರು ಉಳಿದರು. ಎರಡೂ ಒಂದೇ ಕಟ್ಟಡ, ಒಂದೇ ಗಳಿಗೆ. ಇದರಿಂದ ಫಲದ ನಿಯಮವನ್ನು ಕಟ್ಟಹೊರಟವನಿಗೆ ಶಿಥಿಲವಾದ ಏಣಿಯೊಂದೇ ಸಿಗುತ್ತದೆ.

ಬರ್ಕ್ ಯೆಹೂದಿಯಲ್ಲ, ಬೆಯಾ ಕೂಡ ಅಲ್ಲ. ಹಾಗಿದ್ದೂ ಅವರಿಂದ ಯೆಹೂದಿ ಪಾಠ ತೆಗೆಯಬಹುದೇ ಎಂದು ಯಾರಾದರೂ ಕೇಳಿದರೆ, ತಂದೆಯನ್ನು ಗೌರವಿಸುವುದರ ಅಳತೆಯನ್ನು ತಾಲ್ಮುದ್ ಅಷ್ಕೆಲೋನಿನ ಅನ್ಯಧರ್ಮೀಯ ದಾಮಾ ಬೆನ್ ನೆತೀನಾನಿಂದ ಕಲಿತಿತೆಂಬುದು ಸಾಕಷ್ಟು ಉತ್ತರ. ಆದರೆ ಬೆಂಕಿಯದೇ ಒಂದು ಪ್ರಸಂಗವಿದೆ. ಯೆಹೂದಿಗಳು ಕೆಲಸ ಮಾಡದ ವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನಂದು ಶಿಖೀನ್ ಎಂಬ ಊರಿನಲ್ಲಿ ಯೋಸೆಫ್ ಬೆನ್ ಸಿಮಾಯಿಯ ಅಂಗಳಕ್ಕೆ ಬೆಂಕಿ ಬಿತ್ತು. ಅವನು ರಾಜನ ಅಧಿಕಾರಿಯಾಗಿದ್ದುದರಿಂದ ಸೆಫೋರಿಸ್ ಪಟ್ಟಣದ ಕಾವಲುಪಡೆಯವರು ಆರಿಸಲು ಓಡಿಬಂದರು. ಶಬ್ಬಾತ್‌ನ ಮರ್ಯಾದೆಗಾಗಿ ಅವನು ಅವರನ್ನು ತಡೆದ; ಮಳೆ ಬಂದು ಬೆಂಕಿ ಆರಿತು. ಸಂಜೆ, ಶಬ್ಬಾತ್ ಮುಗಿದ ಮೇಲೆ, ಅವನು ಪ್ರತಿಯೊಬ್ಬನಿಗೂ ಎರಡು ಸೆಲಾ ನಾಣ್ಯಗಳನ್ನೂ ಅವರ ನಾಯಕನಿಗೆ ಐವತ್ತನ್ನೂ ಕಳುಹಿಸಿಕೊಟ್ಟ. ಸುದ್ದಿ ಕೇಳಿದ ಪಂಡಿತರು, ತಡೆಯುವ ಅಗತ್ಯವೇ ಇರಲಿಲ್ಲ, ತಾನಾಗಿ ಆರಿಸಲು ಬಂದ ಅನ್ಯಧರ್ಮೀಯನಿಗೆ ಆರಿಸು ಎಂದೂ ಹೇಳಬೇಕಿಲ್ಲ, ಬೇಡ ಎಂದೂ ಹೇಳಬೇಕಿಲ್ಲ ಎಂದರು. (16ನೆಯ ಶತಮಾನದಲ್ಲಿ ಕ್ರಾಕೋವ್‌ನ ರಬ್ಬಿ ಮೋಶೆ ಇಸ್ಸೆರ್ಲಿಸ್, ಬೆಂಕಿಯಲ್ಲಿ ಪ್ರಾಣಾಪಾಯವಿರುವುದರಿಂದ ಯೆಹೂದಿಗಳೇ ಶಬ್ಬಾತ್ ದಿನ ಅದನ್ನು ಆರಿಸಬಹುದೆಂದು ಬರೆದರು.) ನನ್ನ ಗಮನ ಹೋಗುವುದು ಆ ನಾಣ್ಯಗಳ ಕಡೆಗೆ. ಬಂದವರು ಒಂದು ಕೊಡ ನೀರನ್ನೂ ಸುರಿದಿರಲಿಲ್ಲ. ಅವನು ಬೆಲೆ ಕೊಟ್ಟದ್ದು ಓಡಿಬಂದದ್ದಕ್ಕೆ.

ಬದುಕಿರುವವರಿಗೆ ಕೂಲಿ ಕೊಡಬಹುದು. ಸತ್ತವರಿಗೆ ಕೊಡಬೇಕಾದದ್ದು ‘ಶೆಮಿರಾ’, ಅಂದರೆ ಕಾವಲು. ಯೆಹೂದಿ ಪದ್ಧತಿಯಲ್ಲಿ ಮೃತದೇಹವನ್ನು ಮಣ್ಣು ಮಾಡುವವರೆಗೆ ಒಬ್ಬಂಟಿಯಾಗಿ ಬಿಡುವುದಿಲ್ಲ. ಪಕ್ಕದಲ್ಲಿ ಕುಳಿತವರು ಕೀರ್ತನೆಗಳನ್ನು ಓದುತ್ತಿರುತ್ತಾರೆ. ಇದು ಸಾಮಾನ್ಯವಾಗಿ ಒಂದು ರಾತ್ರಿಯ ಕೆಲಸ. ಮ್ಯಾನ್‌ಹ್ಯಾಟನ್‌ನಲ್ಲಿ ನಗರದ ಶವಪರೀಕ್ಷಾ ಕಚೇರಿಯ ಪಕ್ಕದ ಡೇರೆಗಳಲ್ಲಿ ಗುರುತು ಸಿಗದ ಅವಶೇಷಗಳನ್ನು ಇರಿಸಲಾಗಿತ್ತು, ಮತ್ತು ಅಲ್ಲಿ ಈ ಕಾವಲು ಹಗಲೂ ರಾತ್ರಿಯೂ ಪಾಳಿಯ ಮೇಲೆ ತಿಂಗಳುಗಟ್ಟಲೆ ನಡೆಯಿತು. ಶಬ್ಬಾತ್ ದಿನ ವಾಹನವೇರುವಂತಿಲ್ಲವಾದ್ದರಿಂದ ದೂರದ ಸ್ವಯಂಸೇವಕರು ಬರಲಾಗುತ್ತಿರಲಿಲ್ಲ. ನಡೆದು ಹೋಗುವಷ್ಟು ಹತ್ತಿರದಲ್ಲಿ ಹಾಸ್ಟೆಲ್ ಇದ್ದ ಯೆಶಿವಾ ವಿಶ್ವವಿದ್ಯಾಲಯದ ಸ್ಟರ್ನ್ ಕಾಲೇಜಿನ ವಿದ್ಯಾರ್ಥಿನಿಯರು ಶುಕ್ರವಾರದ ಸಂಜೆಯಿಂದ ಶನಿವಾರದ ರಾತ್ರಿಯವರೆಗಿನ ಪಾಳಿಗಳನ್ನು ತಾವು ವಹಿಸಿಕೊಂಡರು.

ಡೇರೆಯೊಳಗೆ ಇದ್ದದ್ದು ಯಾರೆಂದು ಆ ಹುಡುಗಿಯರಿಗೆ ಗೊತ್ತಿರಲಿಲ್ಲ. ಯೆಹೂದಿಯೋ ಅಲ್ಲವೋ, ಗುಮಾಸ್ತನೋ ಅಗ್ನಿಶಾಮಕನೋ ಎಂದು ಬೇರ್ಪಡಿಸಿ ಓದುವುದಕ್ಕೂ ದಾರಿಯಿರಲಿಲ್ಲ. ಝೆಲ್ಮನೋವಿಟ್ಜ್ ಅವರ ಅವಶೇಷದ ಗುರುತು ಸಿಕ್ಕಿದ್ದು ಸುಮಾರು ಒಂದು ವರ್ಷದ ನಂತರ, 2002ರಲ್ಲಿ. ಕಾವಲಿನ ಆ ತಿಂಗಳುಗಳಲ್ಲಿ ಹುಡುಗಿಯರು ಒಬ್ಬರ ನಂತರ ಒಬ್ಬರಂತೆ ಬಂದು, ಹಿಂದಿನವಳು ಕೀರ್ತನೆ ನಿಲ್ಲಿಸಿದ ಪುಟದಿಂದ ಮುಂದಕ್ಕೆ ಓದಿದರು.